ಸ್ಕೀ ಬೂಟಿನ ಬಾಗು

— ಮೇಷ್ಟ್ರೇ, ಫ್ರೀಸ್ಟೈಲ್ ಸ್ಕೀಯಿಂಗ್‌ಗೆ ಬೂಟು ಮೆತ್ತಗಿದ್ದಷ್ಟೂ ಒಳ್ಳೆಯದು ಅನ್ನುವ ಮಾತು ಆ ಆಟದವರಲ್ಲಿ ಬೇರೂರಿಬಿಟ್ಟಿದೆ. ಇಳಿಜಾರಿನಲ್ಲಿ ಬಾಣದ ಹಾಗೆ ಧಾವಿಸುವ ರೇಸಿನವರಿಗೆ ಕಲ್ಲಿನಂಥ ಬೂಟು, ಗಾಳಿಯಲ್ಲಿ ಪಲ್ಟಿ ಹೊಡೆದು ಕಬ್ಬಿಣದ ಕಂಬಿಯ ಮೇಲೆ ಜಾರುವವರಿಗೆ ಮೆತ್ತನೆಯ ಬೂಟು. ಅಂಗಡಿಯಲ್ಲೂ ಹಾಗೆಯೇ ವಿಂಗಡಿಸಿರುತ್ತಾರೆ. ಇದರಲ್ಲಿ ತಕರಾರು ತೆಗೆಯುವಂಥದ್ದು ಏನಿದೆ?

— ತಕರಾರು ಇರುವುದು ‘ಮೆತ್ತಗೆ’ ಎಂಬ ಆ ಒಂದೇ ಪದದಲ್ಲಿ. ಬೂಟು ಯಾವ ಕಡೆಗೆ ಮೆತ್ತಗಿರಬೇಕು, ಎಷ್ಟು ಬಾಗುವವರೆಗೆ ಮೆತ್ತಗಿರಬೇಕು, ಆಮೇಲೆ ಏನಾಗಬೇಕು ಎಂಬ ಮೂರು ಪ್ರಶ್ನೆಗಳನ್ನು ಆ ಪದ ನುಂಗಿಹಾಕುತ್ತದೆ. ಮೊದಲು ವಸ್ತುವನ್ನೇ ನೋಡೋಣ. ನಮ್ಮ ಕೊಡಗಿನ ಭವಾನಿ ಸ್ಪರ್ಧಿಸುವ ಕ್ರಾಸ್‌ಕಂಟ್ರಿ ಸ್ಕೀಯಿಂಗ್‌ನಲ್ಲಿ ಬೂಟಿನ ತುದಿ ಮಾತ್ರ ಸ್ಕೀಗೆ ಅಂಟಿರುತ್ತದೆ, ಹಿಮ್ಮಡಿ ಬಿಡುಬೀಸಾಗಿ ಏಳುತ್ತದೆ, ಬೂಟು ಓಟದ ಶೂವಿಗೆ ಹತ್ತಿರ. ಇಳಿಜಾರಿನ ಸ್ಕೀಯಿಂಗ್ ಹಾಗಲ್ಲ. ಅಲ್ಲಿ ತುದಿ, ಹಿಮ್ಮಡಿ ಎರಡೂ ಸ್ಕೀಗೆ ಬಂಧಿ. 1960ರ ದಶಕದಲ್ಲಿ ಅಮೆರಿಕದ ಬಾಬ್ ಲಾಂಗೆ ಚರ್ಮದ ಬೂಟಿನ ಬದಲು ಪ್ಲಾಸ್ಟಿಕ್ ಬೂಟನ್ನು ತಂದ ಮೇಲೆ, ಪಾದ ಮತ್ತು ಕಣಕಾಲು ಒಂದು ಗಟ್ಟಿ ಚಿಪ್ಪಿನೊಳಗೆ ಸೇರಿಕೊಂಡವು. ಕೆಳಗೆ ಪಾದದ ಚಿಪ್ಪು, ಮೇಲೆ ಕಣಕಾಲನ್ನು ತಬ್ಬುವ ಪಟ್ಟಿ, ಎರಡರ ನಡುವೆ ಹರಡಿನ ಮಟ್ಟದಲ್ಲಿ ತಿರುಗಣೆ. ಕಣಕಾಲಿನಿಂದ ಬೂಟಿನ ನಾಲಿಗೆಯನ್ನು ಮುಂದಕ್ಕೆ ಒತ್ತಿದಾಗ ಅದು ಎಷ್ಟು ಎದುರೊತ್ತುತ್ತದೆ ಎಂಬುದನ್ನು ‘ಫ್ಲೆಕ್ಸ್’ ಎಂಬ ಅಂಕಿಯಲ್ಲಿ ಬರೆಯುತ್ತಾರೆ. ಹೊಸಬರ ಬೂಟಿಗೆ 60, 70. ನುರಿತವರಿಗೆ 100, 120. ರೇಸಿನವರಿಗೆ 130, 150. ಕೇಳಲು ತೂಕದ ಬಟ್ಟಿನಷ್ಟು ಖಚಿತವಾಗಿದೆ. ಆದರೆ ಈ ಅಂಕಿಗೆ ಎಲ್ಲರೂ ಒಪ್ಪಿದ ಅಳತೆಗೋಲೇ ಇಲ್ಲ. ಬೂಟಿನ ಅಟ್ಟೆ ಹೇಗಿರಬೇಕು, ಬೂಟನ್ನು ಸ್ಕೀಗೆ ಕಟ್ಟುವ ಬೈಂಡಿಂಗ್ ಅದನ್ನು ಹೇಗೆ ಹಿಡಿಯಬೇಕು ಎಂಬುದಕ್ಕೆ ಐಎಸ್‌ಒ 5355 ಎಂಬ ಅಂತರರಾಷ್ಟ್ರೀಯ ನಿಯಮವಿದೆ. ಫ್ಲೆಕ್ಸ್‌ಗೆ ಅಂಥದ್ದಿಲ್ಲ, ಪ್ರತಿ ಕಂಪನಿಯದೂ ಅದರದೇ ಲೆಕ್ಕ. ಒಂದು ಕಂಪನಿಯ 100 ಇನ್ನೊಂದರ 110ಕ್ಕಿಂತ ಗಟ್ಟಿಯಾಗಿದ್ದರೆ ಅಚ್ಚರಿಪಡಬೇಕಿಲ್ಲ.

— ಅಂಕಿ ನಂಬಿಕೆಗೆ ಅರ್ಹವಲ್ಲ ಅಂತಲೇ ಇಟ್ಟುಕೊಳ್ಳೋಣ. ಆದರೂ ಮೆತ್ತಗಿರುವುದು ಮೆತ್ತಗೇ ತಾನೆ? ಎತ್ತರದಿಂದ ಹಾರಿ ಬೀಳುವವನಿಗೆ ಹರಡು ಬಾಗಿದರೆ ಪೆಟ್ಟು ಕಡಿಮೆ. ಇದಕ್ಕೆ ದೊಡ್ಡ ಪುರಾವೆ ಬೇಕೆ?

— ಪುರಾವೆ ಬೇಕು, ಏಕೆಂದರೆ ನೀನು ಹೇಳಿದ್ದರಲ್ಲಿ ಅರ್ಧ ನಿಜವಿದೆ. ಆ ಅರ್ಧವನ್ನು ನಮ್ಮವರಿಗೆ ವಿವರಿಸುವುದು ಸುಲಭ, ಕುಕ್ಕರಗಾಲಲ್ಲಿ ಕೂರುವುದು ನಮಗೆ ಹುಟ್ಟಿನಿಂದ ಬಂದ ವಿದ್ಯೆ. ಕುಕ್ಕರಗಾಲಲ್ಲಿ ಕೂತವರ ಮಂಡಿ ಎಲ್ಲಿರುತ್ತದೆ ನೋಡು: ಕಾಲ್ಬೆರಳಿಗಿಂತ ಮುಂದೆ. ಕಣಕಾಲು ಮುಂದಕ್ಕೆ ವಾಲಿದ್ದರಿಂದಲೇ ಸೊಂಟ ಹಿಂದಕ್ಕೆ ಇಳಿದರೂ ಮೈಭಾರ ಪಾದದ ಮೇಲೆ ಉಳಿಯುತ್ತದೆ. ಹರಡು ಬಿಗಿದುಕೊಂಡವರು ಅದೇ ಭಂಗಿಗೆ ಹೋದರೆ ಹಿಂದಕ್ಕೆ ಮಗುಚಿ ಬೀಳುತ್ತಾರೆ. ಸ್ಕೀ ಹಾರಾಟದ ಕೊನೆಯಲ್ಲಿ ನಡೆಯುವುದು ಇದೇ. ನೆಲ ಮುಟ್ಟಿದ ಕೂಡಲೇ ದೇಹ ಕುಗ್ಗಿ ಪೆಟ್ಟನ್ನು ನುಂಗಬೇಕು. ಬೂಟು ಬಾಗದೇ ಹೋದರೆ ಮಂಡಿ ಮತ್ತು ಸೊಂಟ ಮಾತ್ರ ಮಡಚುತ್ತವೆ, ಭಾರ ಸ್ಕೀಯ ಬಾಲಕ್ಕೆ ಸರಿಯುತ್ತದೆ, ಸ್ಕೀ ಮುಂದಕ್ಕೆ ಜಾರಿ ಓಡುತ್ತದೆ. ಒಂದು ಸಣ್ಣ ಲೆಕ್ಕ ಹಾಕೋಣ. ಇಳಿಯುವ ಜಾಗ ಕಡಿದಾಗಿದ್ದರೆ ಹತ್ತು ಮೀಟರ್ ಎತ್ತರದ ಹಾರಾಟವೂ ಮೃದುವಾಗಿ ಮುಗಿಯುತ್ತದೆ, ಏಕೆಂದರೆ ಹಿಮಕ್ಕೆ ನೇರವಾಗಿ ಬಡಿಯುವ ವೇಗ ಅಷ್ಟು ಕಡಿಮೆ. ಆ ವೇಗ ಒಂದೂವರೆ ಮೀಟರ್ ಎತ್ತರದಿಂದ ಸಮನೆಲಕ್ಕೆ ಬಿದ್ದಷ್ಟು ಎಂದಿಟ್ಟುಕೋ. ದೇಹ 50 ಸೆಂಟಿಮೀಟರ್ ಕುಗ್ಗುತ್ತಾ ನಿಂತರೆ ಕಾಲಿಗೆ ಬೀಳುವ ಸರಾಸರಿ ಹೊರೆ ಮೈತೂಕದ ನಾಲ್ಕು ಪಟ್ಟು. 30 ಸೆಂಟಿಮೀಟರಿನಲ್ಲೇ ನಿಲ್ಲಬೇಕಾದರೆ ಆರು ಪಟ್ಟು. ಹಿಂದಕ್ಕೆ ಮಗುಚುವ ಭಯದಿಂದ ಪೂರ್ತಿ ಕುಗ್ಗಲಾರದವನು ಈ ಎರಡನೇ ಲೆಕ್ಕದವನು. ಇಷ್ಟು ಮಟ್ಟಿಗೆ ನಿನ್ನ ಮಾತು ಸರಿ: ರೇಸಿನ ಬೂಟು ತೊಟ್ಟು ಹಾರುವುದು ಅಪಾಯದ ಕೆಲಸ.

ಈಗ ಉಳಿದರ್ಧ. ಬೂಟು ಬಾಗಬೇಕು ಎಂದ ಕೂಡಲೇ ಅದು ಯಾವ ಪ್ರತಿರೋಧವೂ ಇಲ್ಲದೆ ಬಾಗಿದರೆ ಏನಾಗುತ್ತದೆ? ಹರಡಿನ ಕೀಲಿಗೆ ಒಂದು ಮಿತಿ ಇದೆ. ಮೆತ್ತನೆಯ ಬೂಟಿನಲ್ಲಿ ಕಣಕಾಲು ಸರ್ರನೆ ಮುಂದೆ ಹೋಗಿ ಆ ಮಿತಿಗೆ ಢಿಕ್ಕಿ ಹೊಡೆಯುತ್ತದೆ, ಇಲ್ಲವೇ ಚಿಪ್ಪಿಗೆ ಚಿಪ್ಪು ತಾಗಿ ಬೂಟೇ ಅಲ್ಲಿ ಗೋಡೆಯಾಗುತ್ತದೆ. ಪೆಟ್ಟು ತಪ್ಪಲಿಲ್ಲ, ಒಂದು ಕ್ಷಣ ತಡವಾಗಿ ಒಟ್ಟಿಗೇ ಬಂತು. ಈ ಆಟದವರನ್ನು ಕಾಡುವ ‘ಶಿನ್ ಬ್ಯಾಂಗ್’ ಎಂಬ ನೋವು, ಅಂದರೆ ಕಣಕಾಲಿನ ಮುಂದಿನ ಎಲುಬು ನಾಲಿಗೆಗೆ ಬಡಿದು ಬಡಿದು ಜಜ್ಜಿಹೋಗುವುದು, ಗಟ್ಟಿ ಬೂಟಿನಿಂದಷ್ಟೇ ಬರುವುದಿಲ್ಲ. ಸಡಿಲವಾಗಿ ತೊಟ್ಟ ಮೆತ್ತನೆಯ ಬೂಟಿನಲ್ಲಿ ಕಾಲಿಗೂ ನಾಲಿಗೆಗೂ ನಡುವೆ ಖಾಲಿ ಜಾಗ ಉಳಿದರೆ, ಆ ಜಾಗವೇ ಸುತ್ತಿಗೆ ಬೀಸಲು ಸಿಕ್ಕ ಅವಕಾಶ. ಲಾರಿಯ ಕೆಳಗಿನ ಕಮಾನು ಪಟ್ಟಿಗಳನ್ನು ನೆನಪಿಸಿಕೋ. ಖಾಲಿ ಲಾರಿಯಲ್ಲಿ ಮುಖ್ಯ ಪಟ್ಟಿಗಳಷ್ಟೇ ದುಡಿಯುತ್ತವೆ. ಲೋಡು ಏರಿದಂತೆ ಗಾಡಿ ತಗ್ಗಿ, ಹೆಚ್ಚುವರಿ ಪಟ್ಟಿಗಳೂ ಹೊರೆಗೆ ಹೆಗಲು ಕೊಡುತ್ತವೆ. ತಗ್ಗಿದಷ್ಟೂ ಎದುರೊತ್ತು ಹೆಚ್ಚುತ್ತಾ ಹೋಗುತ್ತದೆ, ಎಲ್ಲಿಯೂ ತಟ್ಟನೆ ತಳ ಹೊಡೆಯುವುದಿಲ್ಲ. ಫ್ರೀಸ್ಟೈಲ್ ಬೂಟಿಗೆ ಬೇಕಾದದ್ದು ಅಂಥ ಬಾಗು. ಆರಂಭದಲ್ಲಿ ಬಿಡಬೇಕು, ಹೋಗುತ್ತಾ ಹೋಗುತ್ತಾ ತಡೆಯಬೇಕು, ಕೊನೆಗೆ ಕಾಲನ್ನು ಮತ್ತೆ ಮೇಲಕ್ಕೆ ತಳ್ಳಬೇಕು. 90 ಎಂದೋ 110 ಎಂದೋ ಬರೆದ ಒಂಟಿ ಅಂಕಿ ಈ ಏರಿಕೆಯ ರೀತಿಯನ್ನು ಹೇಳಲಾರದು.

— ಆದರೆ ಲೋಕದ ಅತ್ಯುತ್ತಮ ಫ್ರೀಸ್ಟೈಲ್ ಸ್ಕೀಯರುಗಳೇ ಮೆತ್ತನೆಯ ಬೂಟು ತೊಟ್ಟರಲ್ಲ. ಟಾಮ್ ವಾಲಿಷ್, ಹೆನ್ರಿಕ್ ಹಾರ್ಲಾಟ್ ಇವರೆಲ್ಲ ತೊಟ್ಟದ್ದು ಫುಲ್ ಟಿಲ್ಟ್ ಬೂಟುಗಳನ್ನು. ಅವು ಮೆತ್ತಗಿನ ಬಾಗಿಗೇ ಹೆಸರಾದವು. ಅವರ ಕಾಲಿಗಿಂತ ದೊಡ್ಡ ಸಾಕ್ಷಿ ಯಾವುದು?

— ಒಳ್ಳೆಯ ಸಾಕ್ಷಿ, ಆದರೆ ಅದು ನನ್ನ ಕಡೆಯದು. ಆ ಬೂಟಿನ ವಂಶಾವಳಿ ನೋಡು. ಸ್ವಿಟ್ಜರ್ಲೆಂಡಿನ ರೈಕ್ಲೆ ಕಂಪನಿ 1980ರ ಸುಮಾರಿಗೆ ಫ್ಲೆಕ್ಸಾನ್ ಎಂಬ ಬೂಟನ್ನು ತಂದಿತು. ಗಗನಯಾತ್ರಿಗಳ ಉಡುಪಿನ ಕೀಲುಗಳಲ್ಲಿ ಮಡಿಕೆ ಮಡಿಕೆಯಾದ ಕೊಳವೆ ಇರುತ್ತದಲ್ಲ, ಬಾಗಿದರೂ ಒಳಗಿನ ಆಕಾರ ಕೆಡದ ಹಾಗೆ, ಆ ಕಲ್ಪನೆಯಿಂದ ಹುಟ್ಟಿದ್ದು ಅದರ ನಾಲಿಗೆ. ಸಾಮಾನ್ಯ ಬೂಟಿನಲ್ಲಿ ಚಿಪ್ಪಿನ ಎರಡು ಅಂಚುಗಳು ಪಾದದ ಮೇಲೆ ಒಂದರ ಮೇಲೊಂದು ಕೂರುತ್ತವೆ. ಕಣಕಾಲು ಮುಂದೊತ್ತಿದಾಗ ಮೇಲಿನ ಪಟ್ಟಿ ಕೆಳಚಿಪ್ಪನ್ನು ಅಮುಕುತ್ತದೆ, ಚಿಪ್ಪು ಪಕ್ಕಕ್ಕೆ ಉಬ್ಬುತ್ತದೆ. ಹೆಚ್ಚು ಬಾಗಬೇಕೆಂದು ಪ್ಲಾಸ್ಟಿಕ್ ತೆಳುಮಾಡಿದರೆ ಪಕ್ಕದ ಬಿಗಿಯೂ ಹೋಗುತ್ತದೆ. ಫ್ಲೆಕ್ಸಾನ್ ಮೂರು ತುಂಡಿನ ಬೂಟು: ಕೆಳಚಿಪ್ಪು, ಮೇಲಿನ ಪಟ್ಟಿ, ಎರಡನ್ನೂ ಮುಚ್ಚುವ ಬೇರೆಯದೇ ನಾಲಿಗೆ. ಮುಂದಿನ ಬಾಗೆಲ್ಲ ಆ ಮಡಿಕೆಯ ನಾಲಿಗೆಯದು, ಕೆಳಚಿಪ್ಪು ಮಾತ್ರ ಅಲ್ಲಾಡದೆ ಪಾದವನ್ನು ಹಿಡಿದುಕೊಂಡಿರುತ್ತದೆ. ಉಬ್ಬುಗಳ ಮೇಲೆ ಕುಪ್ಪಳಿಸಿ ಇಳಿಯುವ ಮೋಗಲ್ಸ್ ಆಟದವರು ಅದಕ್ಕೆ ಮನಸೋತದ್ದು ಈ ಗುಣಕ್ಕೆ. ರೈಕ್ಲೆ ಆ ಬೂಟನ್ನು ನಿಲ್ಲಿಸಿದ ಎಷ್ಟೋ ಕಾಲದ ಮೇಲೆ, 2006ರಲ್ಲಿ, ಅದೇ ಹಳೆಯ ಅಚ್ಚುಗಳಿಂದ ಫುಲ್ ಟಿಲ್ಟ್ ಹುಟ್ಟಿತು. ಈಗ ಆ ವಿನ್ಯಾಸ ಕೆ2 ಕಂಪನಿಯ ಹೆಸರಿನಡಿ ಉಳಿದಿದೆ. ನಾಲಿಗೆಯನ್ನು ಬಿಚ್ಚಿ 4, 6, 8, 10 ಎಂದು ಗುರುತು ಹಾಕಿದ ಬೇರೆ ಬೇರೆ ಬಿಗುವಿನ ನಾಲಿಗೆ ಹಾಕಿಕೊಳ್ಳಬಹುದು. ಹಾಗಾದರೆ ಆ ಸ್ಕೀಯರುಗಳು ಆರಿಸಿಕೊಂಡದ್ದು ಏನನ್ನು? ಮುಂದಕ್ಕೆ ಕ್ರಮವಾಗಿ ಬಾಗುವ, ಪಕ್ಕಕ್ಕೆ ಬಾಗದ, ಹಿಮ್ಮಡಿಯನ್ನು ಬಿಡದ ಬೂಟನ್ನು. ಅದನ್ನು ‘ಮೆತ್ತನೆಯ ಬೂಟು’ ಎಂದು ಕರೆದು, ಅದೇ ಮಾತಿನ ಬಲದ ಮೇಲೆ ಹದಿನಾರರ ಹುಡುಗನಿಗೆ ತೆಳು ಪ್ಲಾಸ್ಟಿಕ್ಕಿನ ಕಡಿಮೆ ಬೆಲೆಯ ಬೂಟು ಕೊಡಿಸಿದರೆ ಅವನಿಗೆ ಅನ್ಯಾಯವಾಗುತ್ತದೆ.

— ಇಳಿಯುವ ಕ್ಷಣದ ಮಾತಾಯಿತು. ಟ್ರಿಕ್‌ಗಳ ಮಾತು? ಸ್ಕೀಯ ಮೂತಿಯ ಮೇಲೆ ಭಾರ ಹಾಕಿ ಬಾಲ ಎತ್ತಿ ತಿರುಗುವ ನೋಸ್ ಬಟರ್‌ನಂಥವಕ್ಕೆ ಹರಡು ಬಾಗಲೇಬೇಕಲ್ಲ?

— ಬಟರ್‌ ಬಗ್ಗೆಯೇ ಹೆಚ್ಚು ತಪ್ಪು ತಿಳಿವಳಿಕೆ ಇರುವುದು. ಬರಿಗಾಲಲ್ಲಿ ನಿಂತವನು ಎಷ್ಟು ಮುಂದಕ್ಕೆ ವಾಲಬಲ್ಲ? ಭಾರ ಬೆರಳ ತುದಿ ದಾಟಿತೋ, ಮುಗ್ಗರಿಸುತ್ತಾನೆ. ಸ್ಕೀಯರು ಬೆರಳಿನಾಚೆಗೂ ವಾಲಿ, ಮೂತಿಯನ್ನು ಬಿಲ್ಲಿನಂತೆ ಬಗ್ಗಿಸಬಲ್ಲನೆಂದರೆ, ಅವನ ಕಣಕಾಲನ್ನು ಬೂಟಿನ ನಾಲಿಗೆ ತಡೆದು ಹಿಡಿದಿರುವುದರಿಂದ. 70 ಕಿಲೋ ತೂಕದವನ ಭಾರಕೇಂದ್ರ ಬೂಟಿನ ತಿರುಗಣೆಗಿಂತ 20 ಸೆಂಟಿಮೀಟರ್ ಮುಂದಿದ್ದರೆ, ಆ ತಿರುಗಣೆಯಲ್ಲಿ ಸುಮಾರು 140 ನ್ಯೂಟನ್-ಮೀಟರ್ ತಿರುಚು ಬಲ ಹುಟ್ಟುತ್ತದೆ. ಅದನ್ನು ಬೂಟು ಹೊತ್ತರೆ ಸ್ಕೀಯ ಮೂತಿಗೆ ತಲುಪುತ್ತದೆ. ಬೂಟು ಕುಸಿದರೆ ಕಣಕಾಲು ಬಾಗುತ್ತದೆ, ಸ್ಕೀ ಬಾಗುವುದಿಲ್ಲ. ಮೆತ್ತನೆಯ ಬೂಟಿನಲ್ಲಿ ಬಟರ್ ಸಲೀಸು ಅನ್ನಿಸುವುದಕ್ಕೆ ಬೇರೆ ಕಾರಣವಿದೆ. ಅದರಲ್ಲಿ ಭಾರ ನಿಧಾನವಾಗಿ ಸರಿಯುತ್ತದೆ, ಸಮತೋಲ ಹುಡುಕಲು ಪುರುಸೊತ್ತು ಸಿಗುತ್ತದೆ. ತೀರಾ ಗಟ್ಟಿ ಬೂಟು ಚೂರು ವಾಲಿದರೂ ಮೂತಿಯನ್ನು ಪೂರ್ತಿ ಒತ್ತಿಬಿಡುತ್ತದೆ, ಕಲಿಯುವವನು ಮುಗ್ಗರಿಸಿ ಬೀಳುತ್ತಾನೆ. ಹಾಗಾಗಿ ಸ್ಕೀಯ ಬಾಗಿಗೆ ತಕ್ಕ ಬೂಟಿನ ಬಾಗು ಇರಬೇಕು. ಮೆದು ಸ್ಕೀಗೆ ಮೆದು ಬೂಟು ಸಾಕು, ಬಿರುಸು ಸ್ಕೀಯನ್ನು ಮೆದು ಬೂಟು ಬಗ್ಗಿಸಲಾರದು.

ಕಂಬಿಯ ಮೇಲಿನ ಜಾರಾಟದಲ್ಲಿ ನಿನ್ನ ಪಕ್ಷಕ್ಕೆ ಪೂರ್ತಿ ಅಂಕ ಕೊಡುತ್ತೇನೆ. ಅಲ್ಲಿ ಸ್ಕೀ ಅಡ್ಡಡ್ಡ ಇರುತ್ತದೆ, ಕಬ್ಬಿಣದ ಮೇಲೆ ಅಂಚಿನ ಹಿಡಿತ ಇರುವುದಿಲ್ಲ, ತಲೆಗೂದಲಿನಷ್ಟು ತೂಕದ ತಪ್ಪನ್ನೂ ಕ್ಷಣಾರ್ಧದಲ್ಲಿ ತಿದ್ದಬೇಕು. ಹರಡು ಸಣ್ಣಗೆ ಆಡಿದರೆ ಆ ತಿದ್ದುಪಡಿ ಕೆಳಗೇ ಮುಗಿಯುತ್ತದೆ, ಇಲ್ಲದಿದ್ದರೆ ಇಡೀ ಮೈ ತೂರಾಡುತ್ತದೆ. ಗಾಳಿಯಲ್ಲಿ ಸ್ಕೀಯನ್ನು ಕೈಯಲ್ಲಿ ಹಿಡಿಯುವ ಗ್ರ್ಯಾಬ್‌ಗಳಿಗೂ ಸ್ವಲ್ಪ ಬಾಗು ಅನುಕೂಲವೇ, ಮಂಡಿ ಎದೆಗೆ ಬಂದಾಗ ಸ್ಕೀ ಕೈಗೆ ಹತ್ತಿರವಾಗುತ್ತದೆ.

ಹಾಫ್‌ಪೈಪಿಗೆ ಬಂದರೆ ಚಿತ್ರ ತಿರುಗುತ್ತದೆ. ಇಂದಿನ ಹಾಫ್‌ಪೈಪಿನ ಗೋಡೆ 22 ಅಡಿ, ಎಂದರೆ 6.7 ಮೀಟರ್ ಎತ್ತರ. ಹೆಚ್ಚೂಕಡಿಮೆ ಮಂಜುಗಡ್ಡೆಯಾಗಿರುವ ಆ ಗೋಡೆಯನ್ನು ಸ್ಕೀಯ ಅಂಚಿನಿಂದ ಕಚ್ಚಿ ಹಿಡಿದು ಏರಬೇಕು. ಬೂಟು ಪಕ್ಕಕ್ಕೆ ಜಗ್ಗಿದರೆ ಅಂಚು ಜಾರುತ್ತದೆ, ಹಾರುವ ಮೊದಲೇ ಎತ್ತರ ಸೋರಿಹೋಗುತ್ತದೆ. ಒಂದೇ ದೊಡ್ಡ ದಿಣ್ಣೆಯಿಂದ ಹಾರುವ ಬಿಗ್ ಏರ್ ಆಟದಲ್ಲಿ ಗಿರಕಿಯ ಬೀಜ ಬಿತ್ತುವುದು ಜಿಗಿದಾದ ಮೇಲಲ್ಲ, ಜಿಗಿತದ ದಿಣ್ಣೆಯ ತುಟಿಯಲ್ಲಿ ಅಂಚನ್ನು ಊರಿದ ಕ್ಷಣದಲ್ಲಿ. 2022ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಚೀನಾದ ಐಲೀನ್ ಗೂ ಬಿಗ್ ಏರ್, ಹಾಫ್‌ಪೈಪ್‌ಗಳಲ್ಲಿ ಚಿನ್ನ, ಕಂಬಿ, ದಿಣ್ಣೆ ಎರಡೂ ಇರುವ ಸ್ಲೋಪ್‌ಸ್ಟೈಲ್‌ನಲ್ಲಿ ಬೆಳ್ಳಿ ಗೆದ್ದಳು. ಒಂದೇ ಕೂಟದಲ್ಲಿ ಒಬ್ಬಳೇ ಆಡಿದ ಆ ಮೂರು ಆಟಗಳಿಗೂ ಹೆಸರು ಫ್ರೀಸ್ಟೈಲ್ ಎಂದೇ, ಆದರೆ ಬೂಟನ್ನು ಅವು ಕೇಳುವ ಕೆಲಸ ಬೇರೆ ಬೇರೆ. ಬಿಗ್ ಏರ್‌ನ ಕೊನೆಯ ಸರದಿಯಲ್ಲಿ ಅವಳು ಹಾಕಿದ್ದು ಡಬಲ್ ಕಾರ್ಕ್ 1620. ಹಾಗೆಂದರೆ ಓರೆಯಾಗಿ ಎರಡು ಬಾರಿ ಪಲ್ಟಿ ಹೊಡೆಯುತ್ತಾ 1620 ಡಿಗ್ರಿ, ಅಂದರೆ ನಾಲ್ಕೂವರೆ ಸುತ್ತು. ಆ ಅರ್ಧ ಸುತ್ತಿನಿಂದಾಗಿ ಇಳಿಯುವಾಗ ಬೆನ್ನು ಕಣಿವೆಯ ಕಡೆಗೆ ತಿರುಗಿರುತ್ತದೆ, ಇದಕ್ಕೆ ಸ್ವಿಚ್ ಅನ್ನುತ್ತಾರೆ. ಹಾಗೆ ಇಳಿಯುವವರ ತೂಕ ತಪ್ಪಿದರೆ ಸಾಮಾನ್ಯವಾಗಿ ಬೀಳುವುದು ಹಿಂದಿನ ಒರಗಿಗಲ್ಲ, ಮುಂದಿನ ನಾಲಿಗೆಗೆ. ಕೈ ಹಿಮಕ್ಕೆ ತಾಗುವ ಮೊದಲು ಅವರನ್ನು ಎತ್ತಿ ನಿಲ್ಲಿಸಬಲ್ಲದ್ದು ಬಾಗಿನ ಕೊನೆಯಲ್ಲಿ ಉಳಿದ ಬಿಗುವು ಮಾತ್ರ. ತೀರಾ ಮೆತ್ತನೆಯ ಬೂಟಿನಲ್ಲಿ ಆ ಕೊನೆಯ ಬಿಗುವೇ ಇರುವುದಿಲ್ಲ.

— ಒಂದು ಆಕ್ಷೇಪ ಉಳಿಯಿತು. ಸ್ನೋಬೋರ್ಡಿನವರು ತೊಡುವುದು ಬಟ್ಟೆ, ರಬ್ಬರಿನ ಮೆದು ಬೂಟು. ಅದೇ ಹಾಫ್‌ಪೈಪು, ಅದೇ ಕಂಬಿ, ಅದೇ ದಿಣ್ಣೆ. ಅವರ ಗಿರಕಿಗಳೇನೂ ಕಡಿಮೆಯಿಲ್ಲ. ಅವರಿಗೆ ಬೇಡದ ಬಿಗುವು ಸ್ಕೀಯವರಿಗೆ ಏಕೆ?

— ಹಲಗೆಯ ಮೇಲೆ ಪಾದ ಯಾವ ದಿಕ್ಕಿಗಿದೆ ಎಂಬುದರಲ್ಲಿ ಉತ್ತರವಿದೆ. ಸ್ನೋಬೋರ್ಡಿನಲ್ಲಿ ಎರಡು ಪಾದಗಳೂ ಹಲಗೆಗೆ ಅಡ್ಡಲಾಗಿ, ಒಂದು ಮುಂದೆ ಒಂದು ಹಿಂದೆ. ಹಲಗೆಯ ಮೂತಿ ಒತ್ತಬೇಕಾದರೆ ಮುಂದಿನ ಕಾಲಿಗೆ ಭಾರ ಬಿಟ್ಟರಾಯಿತು, ಬೂಟಿನ ಸಹಾಯ ಬೇಡ. ಎರಡು ಕಾಲುಗಳ ನಡುವಿನ ಅಂತರವೇ ಅವರ ಸನ್ನೆಗೋಲು. ಸ್ಕೀಯಲ್ಲಿ ಪಾದ ಉದ್ದಕ್ಕೆ, ಒಂದು ಸ್ಕೀಗೆ ಒಂದೇ ಕಾಲು. ಮುಂದೆ ಹಿಂದೆ ಒತ್ತುವುದಕ್ಕೆ ಇರುವ ಸನ್ನೆಗೋಲು ಬೂಟೊಂದೇ. ಅದನ್ನು ಮೃದು ಮಾಡಿದಷ್ಟೂ ಸನ್ನೆಗೋಲನ್ನು ಮೊಟಕು ಮಾಡಿದ ಹಾಗೆ.

— ಹಾಗಿದ್ದರೆ ಬಿಗುವು ಹೆಚ್ಚಿದಷ್ಟೂ ಕ್ಷೇಮ ಎಂಬಲ್ಲಿಗೆ ನಿಮ್ಮ ವಾದ ಹೋಗಿ ನಿಲ್ಲುವುದಿಲ್ಲವೇ?

— ಇಲ್ಲ. ಆ ದಾರಿಯಲ್ಲಿ ಏನಿದೆ ಎಂಬುದನ್ನು ಮಂಡಿಗಳು ಆಗಲೇ ಹೇಳಿವೆ. ಅಮೆರಿಕದ ವರ್ಮಾಂಟ್ ರಾಜ್ಯದ ಶುಗರ್‌ಬುಷ್‌ನಲ್ಲಿ ರಾಬರ್ಟ್ ಜಾನ್ಸನ್, ಕಾರ್ಲ್ ಎಟ್ಲಿಂಗರ್, ಜಾಸ್ಪರ್ ಶೀಲಿ ಎಂಬ ಮೂವರು 1972ರಿಂದ ದಶಕಗಳ ಕಾಲ ಸ್ಕೀ ಗಾಯಗಳ ಲೆಕ್ಕ ಇಟ್ಟರು. ಹರಡಿನ ಗಾಯ, ಕಣಕಾಲಿನ ಮುರಿತ ಗಣನೀಯವಾಗಿ ಇಳಿದವು. ಮಂಡಿಯೊಳಗಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿಯುವುದು ಏರಿತು. ಇದಕ್ಕೆ ಬೂಟೊಂದನ್ನೇ ಹೊಣೆ ಮಾಡುವುದು ಸರಿಯಲ್ಲ, ಅದೇ ಕಾಲದಲ್ಲಿ ಬೈಂಡಿಂಗ್‌ಗಳೂ ಸ್ಕೀಗಳೂ ಬದಲಾದವು. ಆದರೆ ಬೂಟಿನ ನೇರ ಕೈವಾಡ ಇರುವ ಒಂದು ಬಗೆಯ ಗಾಯ ಹಾರಾಟದವರಿಗೆ ಚೆನ್ನಾಗಿ ಗೊತ್ತು. ಗಾಳಿಯಲ್ಲಿ ತೂಕ ಹಿಂದೆ ಬಿದ್ದು, ಕಾಲು ನೇರವಾಗಿ ಸೆಟೆದು, ಸ್ಕೀಯ ಬಾಲ ಮೊದಲು ನೆಲ ಮುಟ್ಟುತ್ತದೆ. ಮರುಕ್ಷಣ ಸ್ಕೀ ಮುಂದಕ್ಕೆ ಅಪ್ಪಳಿಸುತ್ತದೆ. ಬೂಟಿನ ಗಟ್ಟಿ ಹಿಂಬದಿ ಮೀನಖಂಡವನ್ನು ಹಿಂದಿನಿಂದ ಒದ್ದಂತೆ ಕಣಕಾಲನ್ನು ಮುಂದಕ್ಕೆ ತಳ್ಳುತ್ತದೆ, ಮೇಲೆ ತೊಡೆ ಇದ್ದಲ್ಲೇ ಇರುತ್ತದೆ, ನಡುವಿನ ರಜ್ಜು ಕಿತ್ತುಬರುತ್ತದೆ. ಇಲ್ಲಿ ಕೇಡು ಮಾಡಿದ್ದು ಹಿಂದಿನ ಬಿಗುವು. ಬೂಟಿನ ಮೇಲೆ ಬರೆದ ಅಂಕಿ ಅಳೆಯುವುದು ಮುಂದಿನ ಬಿಗುವನ್ನು ಮಾತ್ರ. ಹಾರುವಾಗ ಬಾಲದಿಂದ ಚಿಮ್ಮಲು ಹಿಂದೆ ಒಂದಿಷ್ಟು ಒರಗು ಬೇಕು, ನಿಜ. ಆದರೆ ಆ ಒರಗಿಗೂ ಚೂರು ಬಳುಕು ಇರಬೇಕು, ಬೂಟಿನ ನಿಲುವು ಕಣಕಾಲನ್ನು ಅತಿಯಾಗಿ ಮುಂದಕ್ಕೆ ವಾಲಿಸದೆ ತುಸು ನೆಟ್ಟಗಿರಬೇಕು, ಹಿಮ್ಮಡಿಯ ಕೆಳಗೆ ಪೆಟ್ಟು ನುಂಗುವ ರಬ್ಬರಿನಂಥ ಹಾಸು ಇರಬೇಕು. ಈ ಒಂದೊಂದೂ ಬೇರೆಯದೇ ಗುಣ. ನಾಲಿಗೆಯನ್ನು ಮೆತ್ತಗೆ ಮಾಡಿದ ಮಾತ್ರಕ್ಕೆ ಇವು ಬರುವುದಿಲ್ಲ.

— ಕೊಳ್ಳಲು ಹೋದವರು ಇಷ್ಟನ್ನೆಲ್ಲ ಅಂಗಡಿಯಲ್ಲಿ ನಿಂತು ಹೇಗೆ ತಿಳಿಯಬೇಕು? ಅಂಕಿಯನ್ನು ನಂಬಬೇಡ ಅಂದಿರಿ. ತೊಟ್ಟು ನೋಡಿದರೆ ಗೊತ್ತಾಗುತ್ತದೆಯೇ?

— ಮುಕ್ಕಾಲು ಗೊತ್ತಾಗುತ್ತದೆ. ಬಕಲ್‌ಗಳನ್ನು ಆಡುವಾಗ ಹಾಕುವಷ್ಟೇ ಬಿಗಿಯಾಗಿ ಹಾಕಿ, ಕಣಕಾಲನ್ನು ನಾಲಿಗೆಗೆ ಮೆಲ್ಲಗೆ ಒತ್ತುತ್ತಾ ಹೋಗಬೇಕು. ಒತ್ತಿದಷ್ಟೂ ಎದುರೊತ್ತು ಏರುತ್ತಿದೆಯೇ, ನಡುವೆ ತಟ್ಟನೆ ಗೋಡೆ ಸಿಕ್ಕಿತೇ, ಹಿಮ್ಮಡಿ ಎದ್ದಿತೇ, ಬಿಟ್ಟಾಗ ಬೂಟು ತಾನಾಗಿ ಮೇಲಕ್ಕೆ ತಂದಿತೇ, ಇಷ್ಟನ್ನು ಗಮನಿಸಬೇಕು. 50 ಕಿಲೋ ಹುಡುಗಿಗೆ ಗೋಡೆ ಅನ್ನಿಸಿದ ಬೂಟು 85 ಕಿಲೋ ಗಂಡಸಿಗೆ ಚಪ್ಪಲಿ ಅನ್ನಿಸಬಹುದು, ಆದ್ದರಿಂದ ಇನ್ನೊಬ್ಬರ ಕಾಲಿನ ತೀರ್ಪು ನಮ್ಮ ಕಾಲಿಗೆ ಬಾರದು. ಉಳಿದ ಕಾಲು ಭಾಗ ಥಂಡಿಯದು. ಪ್ಲಾಸ್ಟಿಕ್ ಚಳಿಗೆ ಬಿರುಸಾಗುತ್ತದೆ, ಹೆಚ್ಚಿನ ಬೂಟುಗಳಲ್ಲಿ ಬಳಸುವ ಪಾಲಿಯುರಿಥೇನ್ ಎದ್ದುಕಾಣುವಷ್ಟೇ ಬಿರುಸಾಗುತ್ತದೆ. 20 ಡಿಗ್ರಿ ಬೆಚ್ಚಗಿನ ಅಂಗಡಿಯಲ್ಲಿ ಹಿತವಾಗಿ ಬಾಗಿದ ಬೂಟು ಮೈನಸ್ 10ರ ಬೆಟ್ಟದಲ್ಲಿ ಬೇರೆಯೇ ಬೂಟು.

— ಹಾಗೆಂದು ಅಂಗಡಿಯಲ್ಲಿ ತುಸು ಮೆದು ಅನ್ನಿಸಿದ್ದನ್ನೇ ತೆಗೆದುಕೊಂಡರೆ ಬೆಟ್ಟದಲ್ಲಿ ಸರಿಹೋಗುತ್ತದೆ ಅಲ್ಲವೇ?

— ತುಸು ಮೆದುವಾದರೆ ಸರಿಹೋದೀತು, ತೀರಾ ಮೆದುವಾದರೆ ಇಲ್ಲ. ಮಾರ್ಚ್, ಏಪ್ರಿಲಿನಲ್ಲಿ ಬಿಸಿಲು ಬಂದು ಹಿಮ ಕರಗತೊಡಗಿದಾಗ ಚಳಿ ಕೊಟ್ಟ ಆ ಬಿಗುವೂ ಕರಗುತ್ತದೆ. ದೊಡ್ಡ ದಿಣ್ಣೆಗಳ ಮೇಲೆ ಹೊಸ ಟ್ರಿಕ್ ಕಲಿಯಲು ಬಹಳ ಜನ ಕಾಯುವುದು ಆ ಮೆತ್ತನೆಯ ಹಿಮದ ದಿನಗಳಿಗಾಗಿಯೇ. ಇನ್ನೂ ಒಂದು ಮಾತಿದೆ. ಅನೇಕ ಬೂಟುಗಳ ಬೆನ್ನಿನಲ್ಲಿ, ಮೇಲಿನ ಪಟ್ಟಿಯನ್ನೂ ಕೆಳಚಿಪ್ಪನ್ನೂ ಬಿಗಿದ ಒಂದೆರಡು ಸ್ಕ್ರೂಗಳಿರುತ್ತವೆ. ಒಂದನ್ನು ಬಿಚ್ಚಿದರೆ ಬಾಗು ಸಡಿಲವಾಗುತ್ತದೆ. ಸಾಲದಿದ್ದರೆ, ಕೆಲಸ ಬಲ್ಲವರು ಕೆಳಚಿಪ್ಪಿನ ಅಂಚಿನಲ್ಲಿ ಸಣ್ಣ ಕಚ್ಚು ಕೊಟ್ಟು ಇನ್ನಷ್ಟು ಸಡಿಲಿಸುತ್ತಾರೆ. ಗಟ್ಟಿ ಬೂಟನ್ನು ಹೀಗೆ ಹಂತಹಂತವಾಗಿ ಮೆದು ಮಾಡಬಹುದು. ಅಂಚುಗಳು ಒಂದರ ಮೇಲೊಂದು ಕೂರುವ ಸಾಮಾನ್ಯ ಬೂಟಿನ ತೆಳು ಚಿಪ್ಪಿಗೆ ಬಿಗುವು ತುಂಬುವುದು ಮಾತ್ರ ಬಹಳ ಕಷ್ಟ. ಮೂರು ತುಂಡಿನ ಬೂಟಾದರೆ ಆ ತೊಡಕೂ ಇಲ್ಲ. ಚಳಿಗಾಲಕ್ಕೆ 6ರ ನಾಲಿಗೆ ಹಾಕಿಕೊಂಡಿದ್ದವನು ಬಿಸಿಲ ದಿನಕ್ಕೆ 8ರದನ್ನು ಹಾಕಿಕೊಂಡು ಬೆಟ್ಟ ಹತ್ತಬಹುದು.